ತಪ್ಪಾಗಿ ಮುಚ್ಚಿದ ಖಾತೆ

ಮಾರ್ಚ್ ೧೪, ಗುರುವಾರ

ಆನ್‌ಲೈನ್ ಆಟದೊಳಗಿನ ಚಿನ್ನವನ್ನು ದುಡ್ಡಿಗೆ ಮಾರುವವರು ಆಟದ ಚಾಟ್‌ನಲ್ಲಿ ಒಂದೇ ಮಾತನ್ನು ನೂರು ಸಲ ಹಾಕುತ್ತಾರೆ. ಅಂಥವರ ಖಾತೆ ಮುಚ್ಚುವುದೇ ನನ್ನ ಕೆಲಸ. ಇವತ್ತು ಮುಚ್ಚಿ ಮುಚ್ಚಿ ಕಣ್ಣು ಮಂಜಾಗಿ ಒಬ್ಬ ಹುಡುಗಿಯದನ್ನೂ ಮುಚ್ಚಿಬಿಟ್ಟೆ. "ಅಣ್ಣಾ, ನನ್ನ ಚಿನ್ನ ಎಲ್ಲಾ ತಗೋ, ಒಂದ್ಸಲ ಮಾತಾಡು" ಅಂತ ನಲವತ್ತು ಸಲ ಬರೆದಿದ್ದಳು. ಮನೆ ಬಿಟ್ಟುಹೋದ ಅಣ್ಣ ಆ ಆಟದಲ್ಲಿ ಮಾತ್ರ ಸಿಗುತ್ತಾನೆ ಅಂತ ಆಮೇಲೆ ಅವಳ ದೂರು ಬಂತು.

ಮೇಲ್ವಿಚಾರಕನಿಗೆ ಹೇಳಿದರೆ, "ಮಾರೋರೂ ಹೀಗೇ ಗೋಳಾಡ್ತಾರೆ ಅಕ್ಕಾ. ವಿಚಾರಣೆಗೆ ಏಳು ದಿನ," ಅಂದ.

"ಅಷ್ಟರಲ್ಲಿ ಅಣ್ಣ ಆಟಾನೂ ಬಿಟ್ಟುಹೋದ್ರೆ?"

"ದಿನಾ ದೇವರಿಗೆ ಕೈ ಮುಗಿದೇ ಕೆಲಸ ಶುರು ಮಾಡ್ತೀರಲ್ಲ, ಅವನಿಗೇ ಹೇಳಿ ನೋಡಿ," ಅಂತ ನಕ್ಕ.

ಹೊರಡುವ ಮುಂಚೆ ನಿಯಮ ಮೀರಿ ಆ ಅಣ್ಣನಿಗೆ ನಾನೇ ಬರೆದೆ: "ನಿನ್ನ ತಂಗಿ ಸುಮ್ಮನಾಗಿಲ್ಲಪ್ಪ. ಅವಳ ಬಾಯಿ ಮುಚ್ಚಿಸಿದವಳು ನಾನು."

ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ದೇವರೇ, ನನ್ನ ಕೆಲಸ ಹೋದರೂ ಸರಿ, ಅವನು ತಂಗಿಗೆ ಒಂದು ಮಾತು...