ನಲವತ್ತೊಂದನೇ ನಂಬರಿನ ಹಾಜರಿ

ಹಾಸ್ಟೆಲಿನ ಕೋಣೆ
ಜೂನ್ ೪

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ, ಶಿಕ್ಷಣಶಾಸ್ತ್ರದ ಭಾವೀ ಮಹಾಪಂಡಿತ, ಎರಡು ತಿಂಗಳ ಬಳಿಕ ಪೆನ್ನು ಹಿಡಿದಿದ್ದಾನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಕಾಯುತ್ತೇನೆ. ಆಯಿತೇ? ಸರಿ. ತಡವಾದದ್ದಕ್ಕೆ ಮೂರು ಕಾರಣಗಳಿವೆ. ಒಂದು, ಸೋಮಾರಿತನ. ಎರಡು, ಅದೇ. ಮೂರನೆಯದನ್ನು ಮುಂದೆ ಎಲ್ಲೋ ತುರುಕುತ್ತೇನೆ, ಹುಡುಕಿಕೋ.

ನಿನ್ನ ಕಾಲುನೋವು ಹೇಗಿದೆ? ದಿನವಿಡೀ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಮೀಟರ್ ಕಡ್ಡಿ ಹಿಡಿದು ನಿಲ್ಲಬೇಡ, ಒಂದು ಸ್ಟೂಲು ಕೇಳು ಎಂದರೆ ಕೇಳುವವಳಲ್ಲ ನೀನು.

ಇಲ್ಲಿ ಎಂ.ಎಡ್. ದಾಟಬೇಕಾದರೆ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಅದಕ್ಕೆ ಮೊದಲು ಒಂದು ‘ಸಮಸ್ಯೆ’ಯನ್ನು ಆರಿಸಿಕೊಳ್ಳಬೇಕು. ಹುಟ್ಟಿದಾಗಿನಿಂದ ಮನೆಯವರೆಲ್ಲ ನನ್ನನ್ನೇ ಸಮಸ್ಯೆ ಎಂದು ಕರೆದಿದ್ದರಿಂದ, ಇದೇನು ಮಹಾ ಎಂದುಕೊಂಡಿದ್ದೆ. ನನ್ನ ಮಾರ್ಗದರ್ಶಕಿಗೆ ನಾವಿಟ್ಟಿರುವ ಹೆಸರು ಕೆಂಪು ಪೆನ್ನು. ಮುಂದಿನ ವರ್ಷ ನಿವೃತ್ತರಾಗುವ ಹೆಂಗಸು, ಅಷ್ಟರೊಳಗೆ ಪೆನ್ನಿನ ಮಸಿಯನ್ನೆಲ್ಲ ನನ್ನ ಮೇಲೇ ಖಾಲಿ ಮಾಡುವ ಸಂಕಲ್ಪ ಮಾಡಿದ್ದಾರೆ.

ಮೊದಲ ಸಲ ನಾನು ಒಯ್ದ ವಿಷಯ: ‘ಶಾಲಾ ಶಿಕ್ಷಣದ ಸಮಸ್ಯೆಗಳು: ಒಂದು ಸಮಗ್ರ ಅಧ್ಯಯನ’. ಮೇಡಂ ಕನ್ನಡಕದ ಮೇಲಿಂದ ನೋಡಿದರು.

“ಎಷ್ಟು ಜನ್ಮ ಇಟ್ಕೊಂಡು ಬಂದಿದ್ದೀಯಪ್ಪ?”

ಎರಡನೆಯ ಸಲ: ‘ಕೊನೆಯ ಬೆಂಚಿನ ನಿದ್ರೆಗೂ ವಾರ್ಷಿಕ ಪರೀಕ್ಷೆಯ ಅಂಕಗಳಿಗೂ ಇರುವ ಸಂಬಂಧ: ಐದು ಶಾಲೆಗಳ ಅಧ್ಯಯನ’.

“ನಿದ್ದೇನ ಯಾವುದರಲ್ಲಿ ಅಳೀತೀಯ?”

“ಗೊರಕೆಯಲ್ಲಿ, ಮೇಡಂ.”

“ಹಾಗಾದ್ರೆ ಐದು ಶಾಲೆ ಯಾಕೆ, ನೀನೊಬ್ಬನೇ ಸಾಕಲ್ಲ.”

ಮೂರನೆಯ ಸಲ ಕುಚೋದ್ಯ ಬಿಟ್ಟು, ‘ಶಾಲೆ ಬಿಡುವ ಮಕ್ಕಳು’ ಎಂದು ಬರೆದುಕೊಂಡು ಹೋದೆ. ಮೇಡಂ ಪೆನ್ನು ಕೆಳಗಿಟ್ಟರು. ಅವರು ಪೆನ್ನು ಕೆಳಗಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಇದು ಸರಿ. ಆದ್ರೆ ಇನ್ನೂ ಕಿರಿದು ಮಾಡು. ಮಕ್ಕಳು ಒಂದೇ ದಿನಕ್ಕೆ ಶಾಲೆ ಬಿಡಲ್ಲ. ಮೊದಲು ಒಂದಿನ ಬರಲ್ಲ, ಆಮೇಲೆ ಮೂರು ದಿನ. ಆ ಮೊದಲನೇ ವಾರದಲ್ಲಿ ಏನಾಗುತ್ತೆ? ಯಾರು ವಿಚಾರಿಸ್ತಾರೆ, ಯಾರು ವಿಚಾರಿಸಲ್ಲ? ಅಷ್ಟು ಮಾತ್ರ ನೋಡು. ಹಳೇ ಹಾಜರಿ ಪುಸ್ತಕ ಎಸೀದೆ ಇಟ್ಟಿರೋ ಶಾಲೆ ಯಾವ್ದಾದ್ರೂ ಗೊತ್ತಾ?”

“ಗೊತ್ತು” ಎಂದುಬಿಟ್ಟೆ. ನನ್ನ ನಾಲಿಗೆ ಯಾವತ್ತು ನನ್ನನ್ನು ಕೇಳಿ ಆಡಿದೆ?

ಅದು ನಮ್ಮ ಶಾಲೆ, ಅಕ್ಕ. ಆರನೇ ಕ್ಲಾಸಿನಲ್ಲಿ ನೀನು ಟೀಚರಾಗಿ, ನಾನು ನಿನ್ನ ವಿದ್ಯಾರ್ಥಿಯಾಗಿ ಕೂತಿದ್ದ ಶಾಲೆ. ನಲವತ್ತೊಂದನೇ ನಂಬರಿನ ಹುಡುಗಿ ತೀರಿಕೊಂಡ ಮೇಲೆ ನಿನ್ನನ್ನು ಮನೆಗೆ ಕಳಿಸಿದ ಶಾಲೆ. ಇದೇ ಆ ಮೂರನೆಯ ಕಾರಣ.

ತಿಂಗಳ ಕೊನೆಯೊಳಗೆ ಯೋಜನೆ ಒಪ್ಪಿಸದಿದ್ದರೆ ನನ್ನ ಈ ವರ್ಷ ಹೋಯಿತು. ಆದರೂ ನೀನು ಬೇಡ ಎಂದರೆ ಬೇಡ. ಗೊರಕೆಗೇ ವಾಪಸು ಹೋಗುತ್ತೇನೆ.

ಇನ್ನೊಂದು ವಿಚಿತ್ರ ಹೇಳಲೇ? ಹೋದ ಚಳಿಗಾಲದಲ್ಲಿ ಪಾಠ ಮಾಡುವ ಅಭ್ಯಾಸಕ್ಕೆಂದು ನಮ್ಮನ್ನು ಒಂದು ಶಾಲೆಗೆ ಕಳಿಸಿದ್ದರು. ಪಾಠವೆಲ್ಲ ಚೆನ್ನಾಗಿಯೇ ಮಾಡಿದೆ. ಹಾಜರಿ ಕರೆಯುವುದನ್ನು ಮಾತ್ರ ಕ್ಲಾಸ್ ಲೀಡರಿಗೆ ಬಿಟ್ಟುಬಿಟ್ಟೆ. ಮೊದಲ ದಿನ ನಾನೇ ಕರೆದಿದ್ದೆ. ಆ ಕ್ಲಾಸಿನಲ್ಲಿ ಇದ್ದದ್ದು ಮೂವತ್ತೆಂಟು ಮಕ್ಕಳು. ಮೂವತ್ತೆಂಟು ಮುಗಿದ ಮೇಲೂ ನಾನು ಪುಸ್ತಕದಿಂದ ತಲೆ ಎತ್ತದೆ ಕಾಯುತ್ತ ನಿಂತಿದ್ದೆನಂತೆ. “ಸಾರ್, ಇನ್ಯಾರೂ ಇಲ್ಲ” ಎಂದು ಮುಂದಿನ ಬೆಂಚಿನವಳು ಹೇಳಬೇಕಾಯಿತು.

ನಿನ್ನ ತಮ್ಮ

&nbsp;

ಜೂನ್ ೨೧

ಪ್ರೀತಿಯ ಅಕ್ಕ,

ನಿನ್ನ ಸುದೀರ್ಘ ಪತ್ರ ತಲುಪಿತು. ‘ಪುಸ್ತಕ ಇರೋದೇ ನೋಡೋಕೆ. ಹೋಗಿ ನೋಡು. ಊಟ ಬಿಡಬೇಡ.’ ಒಟ್ಟು ಏಳು ಪದ. ಬಟ್ಟೆ ಅಳೆದು ಅಳೆದು ಮಾತನ್ನೂ ಅಳೆದೇ ಕೊಡುತ್ತೀಯಲ್ಲ.

ಯೋಜನೆ ಸಿದ್ಧವಾಯಿತು. ಗಾಂಭೀರ್ಯದಿಂದ ಓದಿಕೋ: ಐದು ಶಾಲೆಗಳು, ಪ್ರತಿ ಶಾಲೆಯ ಮೂರು ವರ್ಷದ ಹಾಜರಿ ಪುಸ್ತಕಗಳು. ಸತತ ಮೂರು ದಿನ ಬಾರದ ಪ್ರತಿ ಮಗುವಿಗೂ ಒಂದು ಹಾಳೆ. ನಾಲ್ಕನೆಯ ದಿನ ಯಾರಾದರೂ ಆ ಮಗುವಿನ ಮನೆಗೆ ಹೋದರೇ, ಹೋದ ಮೇಲೆ ಮಗು ಮರಳಿತೇ ಎಂದು ಅದರಲ್ಲಿ ತುಂಬಬೇಕು. ಶಿಕ್ಷಕರಿಗೆ ಹದಿನೆಂಟು ಪ್ರಶ್ನೆಗಳ ಪ್ರಶ್ನಾವಳಿ. ಮೇಡಂ ಓದಿ, “ಎಲ್ಲಾ ಸರಿ, ಒಂದು ಕೇಳ್ತೀನಿ. ಹಾಜರಿ ಪುಸ್ತಕದಲ್ಲಿ ಇರೋದು ನಿಜ ಅಂತ ಹ್ಯಾಗೆ ನಂಬ್ತೀಯ?” ಎಂದರು. ನಾನು ನೆಲದ ಕಡೆ ನೋಡಿದೆ. “ಅದನ್ನ ಅಧ್ಯಯನದ ಮಿತಿ ಅಂತ ಬರ್ಕೋ, ಮುಂದೆ ಹೋಗು” ಎಂದರು.

ಮುಂದೆ ಹೋದೆ. ಅಂದರೆ, ನಮ್ಮ ಶಾಲೆಗೆ ಹೋದೆ.

ಗಂಟೆ ತಾತ ಇನ್ನೂ ಇದ್ದಾರೆ, ಅಕ್ಕ! ಗಂಟೆ ಹೊಡೆಯುವುದನ್ನು ಈಗ ಕರೆಂಟಿಗೆ ಬಿಟ್ಟುಕೊಟ್ಟು, ಬಾಗಿಲ ಬೀಗಗಳನ್ನು ಮಾತ್ರ ನೋಡಿಕೊಳ್ಳುತ್ತಾರೆ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು. “ನೀನು ಆ ಟೀಚರಮ್ಮನ ತಮ್ಮ ಅಲ್ವಾ? ನನ್ನ ದನೀಲಿ ‘ರಜಾ ರಜಾ’ ಅಂತ ಕೂಗಿ ಇಡೀ ಶಾಲೆನೇ ಮನೆಗೆ ಓಡಿಸಿದ ಕಳ್ಳ?” ಎಂದು ಬೆನ್ನಿಗೆ ಒಂದು ಕೊಟ್ಟರು. ನಿನ್ನನ್ನು ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

ಉಗ್ರಾಣದ ಕೋಣೆಯಲ್ಲಿ ಮುರಿದ ಬೆಂಚುಗಳು, ಅರ್ಧ ಒಡೆದ ಗ್ಲೋಬು, ತೇವ ಹಿಡಿದ ರಟ್ಟಿನ ವಾಸನೆ. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿಯಿಂದ ಇಳಿದು ಧೂಳಿನಲ್ಲಿ ನಿಂತಿತ್ತು. ಆ ವರ್ಷದ ಆರನೇ ಕ್ಲಾಸಿನ ಪುಸ್ತಕ ಸಿಗುವುದು ಕಷ್ಟವಾಗಲಿಲ್ಲ. ಎಲ್ಲಕ್ಕಿಂತ ಮೇಲೆಯೇ ಇತ್ತು. ವಿಚಾರಣೆಗೆ ಬಂದವರು ಕೊನೆಯಲ್ಲಿ ಅಲ್ಲಿಟ್ಟು ಹೋದ ಮೇಲೆ ಯಾರೂ ಮುಟ್ಟಿರಲಿಕ್ಕಿಲ್ಲ.

“ಆ ಪುಸ್ತಕ ಬ್ಯಾಡ ಕಣಪ್ಪ” ಎಂದರು ತಾತ. “ಬೇರೆ ವರ್ಷದ್ದು ತಗೋ. ಬೇಕಾದಷ್ಟಿವೆ.”

ನಾನು ತೆರೆದೆ. ನಲವತ್ತು ಮಕ್ಕಳ ಕೋಣೆಯಲ್ಲಿ ಅರವತ್ತೆರಡು ಮಕ್ಕಳು, ಅರವತ್ತೆರಡು ಸಾಲು. ಬೆಳಗಿನ ಐದು ನಿಮಿಷದಲ್ಲಿ ಅಷ್ಟೂ ಮುಗಿಯಬೇಕೆಂದು ನೀನು ಹೆಸರು ಕರೆಯದೆ ನಂಬರು ಕರೆಯುತ್ತಿದ್ದೆ. ತಲೆ ಎತ್ತಿದರೆ ಸಾಲು ತಪ್ಪುತ್ತದೆಂದು ಕಣ್ಣು ಪುಸ್ತಕದಲ್ಲೇ ಇರುತ್ತಿತ್ತು. ಕಿವಿ ಮಾತ್ರ ನಮ್ಮ ಕಡೆ. ಯಾರಾದರೂ ಮೂರು ದಿನ ಬಾರದಿದ್ದರೆ ಆ ಸಂಜೆಯೇ ಅವರ ಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಂಬತ್ತನೇ ನಂಬರಿನವನನ್ನು ಗ್ಯಾರೇಜಿನಿಂದ ಎಳೆದುಕೊಂಡು ಬಂದವಳು. ಇಪ್ಪತ್ತೇಳಕ್ಕೆ ಹಳೆಯ ಕನ್ನಡಕ ಕೊಡಿಸಿದವಳು. ಪುಸ್ತಕದ ಅವರ ಸಾಲಿನಲ್ಲಿ ಖಾಲಿ ಚೌಕಗಳಿವೆ, ಆಮೇಲೆ ಮತ್ತೆ ಗುರುತುಗಳು ಶುರುವಾಗುತ್ತವೆ. ‘ಯಾರು ವಿಚಾರಿಸ್ತಾರೆ’ ಎಂದು ಮೇಡಂ ಮೊದಲು ಕೇಳಿದ ಪ್ರಶ್ನೆಗೆ ಅದೇ ಉತ್ತರ.

ನಲವತ್ತೊಂದರ ಸಾಲಿನಲ್ಲಿ ಒಂದೂ ಖಾಲಿ ಚೌಕವಿಲ್ಲ. ಆ ಹುಡುಗಿ ಜ್ವರ ಬಂದು ಮಲಗಿದ ಮೊದಲ ದಿನ ಹಾಜರಿ. ಎರಡನೆಯ ದಿನ ಹಾಜರಿ. ಹತ್ತನೆಯ ದಿನ ಹಾಜರಿ. ಹನ್ನೊಂದನೆಯ ದಿನ ತೀರಿಕೊಂಡಳು, ಹಾಜರಿ. ಅದಾದ ಮೇಲೂ ಎರಡು ದಿನ, ನಿನ್ನ ನೀಲಿ ಮಸಿಯಲ್ಲಿ, ಅಚ್ಚುಕಟ್ಟಾಗಿ, ಹಾಜರಿ.

ಪ್ರತಿ ದಿನದ ನಂಬರನ್ನೂ ಎಣಿಸಿ ಬರೆದುಕೊಳ್ಳಬೇಕಿತ್ತು. ಸಾಲು ತಪ್ಪಬಾರದೆಂದು ಬಾಯಿಬಿಟ್ಟು ಓದುತ್ತಿದ್ದೆ. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು.

“ಬಂದಿದೀನಿ ಟೀಚರ್.”

ಸಣ್ಣ ದನಿ, ಕೊನೆಯಲ್ಲಿ ಸ್ವಲ್ಪ ಮೂಗಿಗೆ ಎಳೆಯುವ ದನಿ. ತಾತನ ಕೈಯಲ್ಲಿದ್ದ ಬೀಗದ ಕೈ ಗೊಂಚಲು ನೆಲಕ್ಕೆ ಬಿತ್ತು. ಅವರು ಮೂಲೆಯ ಬೆಂಚುಗಳ ಕಡೆ ನೋಡಿದರು, ಆಮೇಲೆ ಬಾಗಿಲ ಕಡೆ. ಕೊನೆಗೆ ನನ್ನ ಕಡೆ ನೋಡಿದರು. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಹೆದರಬೇಡ, ದೆವ್ವವಲ್ಲ. ಹನ್ನೆರಡು ವರ್ಷ ಬಳಸದ ದನಿ ಹೇಗೆ ಅಷ್ಟು ಸಲೀಸಾಗಿ ಗಂಟಲಿನಿಂದ ಹೊರಬಿತ್ತೋ ಗೊತ್ತಿಲ್ಲ. ತಾತ ಗೊಂಚಲನ್ನು ಎತ್ತಿಕೊಂಡು ಹೊರಗೆ ಹೋಗಿ ಬಿಸಿಲಲ್ಲಿ ಕೂತರು.

ಇವತ್ತಿಗೆ ಇಷ್ಟೇ ಬರೆಯಲಾಗುತ್ತದೆ.

ನಿನ್ನ ತಮ್ಮ

&nbsp;

ಜೂನ್ ೨೮

ಅಕ್ಕ,

ಈ ಪತ್ರದಲ್ಲಿ ತಮಾಷೆ ಕಡಿಮೆ. ಹುಡುಕಿ ನೋಡಿದೆ, ಇದ್ದಷ್ಟು ಮುಗಿದಿದೆ.

ನನಗೆ ಎಂಟು ಜನರ ದನಿ ಬರುತ್ತಿದ್ದದ್ದು ನಿನಗೆ ಗೊತ್ತು. ಹೆಡ್ ಮಾಸ್ಟರದ್ದು, ಗಂಟೆ ತಾತನದ್ದು, ನಿನ್ನದು ಕೂಡ. ನಲವತ್ತೊಂದು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ದಿನಕ್ಕೆ ಒಂದೇ ಸಲ ಬಾಯಿ ಬಿಡುತ್ತಿದ್ದಳು, ಹಾಜರಿ ಹೇಳಲು. ಒಂದು ಬೆಳಿಗ್ಗೆ ನೀನು ನಲವತ್ತೊಂದು ಎಂದೆ, ಉತ್ತರ ಬರಲಿಲ್ಲ. ಆ ಅರೆ ಗಳಿಗೆಯಲ್ಲಿ ನನಗೇ ತಿಳಿಯದ ಹಾಗೆ ನಾನು ಅವಳ ದನಿಯಲ್ಲಿ ಹೇಳಿಬಿಟ್ಟೆ. ನೀನು ಗುರುತು ಹಾಕಿದೆ. ಹಿಂದಿನ ಎರಡು ಬೆಂಚು ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ನಕ್ಕವು. ಜೀವಮಾನದಲ್ಲಿ ಅಂಥ ಚಪ್ಪಾಳೆ ನನಗೆ ಇನ್ನೊಂದು ಸಲ ಸಿಕ್ಕಿಲ್ಲ. ಮರುದಿನ “ಲೋ, ಇನ್ನೊಂದ್ಸಲ ಮಾಡೋ” ಎಂದರು. ಮೂರನೆಯ ದಿನ ಯಾರೂ ಕೇಳಬೇಕಾಗಲಿಲ್ಲ. ಆಮೇಲೆ ನಗುವುದೂ ನಿಂತಿತು, ಅದೊಂದು ಅಭ್ಯಾಸವಾಯಿತು. ಅವಳು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ದನಿ ಇತ್ತಲ್ಲ, ನಮಗೆ ಅಷ್ಟೇ ಸಾಕಾಗಿತ್ತು.

ಅವಳ ತಾಯಿ ದೂರದಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿದ್ದದ್ದು ಕಣ್ಣು ಮಂಜಾದ ಅಜ್ಜಿ ಮಾತ್ರ, ಜ್ವರ ಇವತ್ತು ಇಳಿಯುತ್ತೆ, ನಾಳೆ ಇಳಿಯುತ್ತೆ ಎಂದು ಕಾದರು. “ಒಂದು ನಾಲ್ಕು ದಿನ ಮುಂಚೆ ಕರ್ಕೊಂಡು ಬಂದಿದ್ರೆ” ಎಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಾಯಿತು. ಯಾರಾದರೂ ಮೂರನೆಯ ದಿನವೇ ಆ ಬಾಗಿಲು ತಟ್ಟಬೇಕಿತ್ತು. ತಟ್ಟುತ್ತಿದ್ದವಳು ನೀನು. ನಿನ್ನ ಪುಸ್ತಕದಲ್ಲಿ ಅವಳು ಕ್ಲಾಸಿನಲ್ಲೇ ಇದ್ದಳು.

ವಿಚಾರಣೆಗೆ ಬಂದ ಅಧಿಕಾರಿ ನಮ್ಮ ಮುಂದೆಯೇ ಕೇಳಿದರು: “ಏನ್ರೀ ಇದು, ಸತ್ತ ಮಗೂಗೂ ಹಾಜರಿ ಹಾಕಿದ್ದೀರಲ್ಲ? ಕೂತಲ್ಲೇ ಎಲ್ರಿಗೂ ಗೀಚಿಬಿಡೋದಾ?” ನೀನು ಹೇಳಿದ್ದು ಇಷ್ಟೇ: “ತಲೆ ಎತ್ತಿ ನೋಡ್ಲಿಲ್ಲ ಸಾರ್. ತಪ್ಪು ನಂದು.” ನಾನು ಮೂರನೆಯ ಬೆಂಚಿನಲ್ಲಿದ್ದೆ. ಎಂಟು ದನಿ ಬರುತ್ತಿದ್ದವನಿಗೆ ಆವತ್ತು ತನ್ನ ದನಿಯೇ ಬರಲಿಲ್ಲ.

ಈಗ ಇನ್ನೊಂದು ಸಂಕಟವಾಗಿದೆ. ಅವಳ ದನಿಯನ್ನು ನೆನಪಿಸಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ನೆನಪಾಗುವುದೆಲ್ಲ ನಾನು ಮಾಡಿದ ನಕಲು. ಅವಳ ನಿಜವಾದ ದನಿ ಹೇಗಿತ್ತೆಂದು ಹೇಳಬಲ್ಲವರು ಯಾರಾದರೂ ಇದ್ದಾರೋ ಇಲ್ಲವೋ. ಮುಖ ತೊಳೆಯುವಾಗ, ಮೆಟ್ಟಿಲು ಹತ್ತುವಾಗ, ಎಲ್ಲಾದರೂ ಯಾರಾದರೂ ಏನನ್ನಾದರೂ ಎಣಿಸುವಾಗ ಗಂಟಲು ತಾನಾಗಿ ಸಿದ್ಧವಾಗುತ್ತದೆ. ನಲವತ್ತು ಬಂದ ಕೂಡಲೇ ಹಲ್ಲು ಕಚ್ಚಿ ನಿಲ್ಲುತ್ತೇನೆ.

ಮೊನ್ನೆ ಮೇಡಂಗೆ ಎಲ್ಲವನ್ನೂ ಹೇಳಿದೆ. ಸಂಶೋಧಕ ತನ್ನ ಅಧ್ಯಯನದ ದತ್ತಾಂಶವನ್ನು ತಾನೇ ಹನ್ನೆರಡು ವರ್ಷ ಮೊದಲು ಕೆಡಿಸಿದ್ದರೆ ಅದನ್ನು ಯಾವ ಅಧ್ಯಾಯದಲ್ಲಿ ಹಾಕಬೇಕು ಎಂದು ಕೇಳಿದೆ. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

“ವಿಷಯ ಬಿಡಬೇಡ. ಆ ಶಾಲೇನ ಮಾದರಿಯಿಂದ ತೆಗೆದುಹಾಕು, ಅದರ ಬದಲು ಬೇರೊಂದು ನೋಡೋಣ. ಇದು ಪ್ರಬಂಧಕ್ಕೆ ಬರೋ ಮಾತಲ್ಲ ಮಗೂ. ಇದನ್ನ ಬರೀಬೇಕಾದ್ದು ಇಬ್ಬರಿಗೆ. ಮೊದಲು ನಿಮ್ಮಕ್ಕನಿಗೆ ಬರಿ.”

ಇಬ್ಬರಿಗೂ ಬರೆದಿದ್ದೇನೆ. ಇದರ ಜೊತೆಯಲ್ಲಿರುವ ಇನ್ನೊಂದು ಹಾಳೆ ಇಲಾಖೆಗೆ. ಆ ಹದಿಮೂರು ದಿನ ಟೀಚರು ಸುಳ್ಳು ಹಾಜರಿ ಹಾಕಲಿಲ್ಲ, ಉತ್ತರ ಕೇಳಿಸಿದ್ದರಿಂದ ಹಾಕಿದರು, ಉತ್ತರ ಕೊಟ್ಟವನು ನಾನು ಎಂದಿದೆ. ಸಹಿ ಮಾಡಿದ್ದೇನೆ. ಕೆಲಸ ನಿನಗೆ ಮರಳಿ ಸಿಗಲಿಕ್ಕಿಲ್ಲ, ಹೆಸರಾದರೂ ಸಿಗಲಿ. ನೀನು ಓದಿ, ಲಕೋಟೆಗೆ ಹಾಕಿ, ನಿನ್ನ ಕೈಯಾರೆ ಅಂಚೆಗೆ ಹಾಕು. ಹರಿದರೆ ಇನ್ನೊಂದು ಬರೆದು ನಾನೇ ಕಳಿಸುತ್ತೇನೆ. ಈ ಒಂದು ವಿಷಯದಲ್ಲಿ ನಿನ್ನ ಮಾತು ಕೇಳುವುದಿಲ್ಲ.

ಸ್ಟೂಲು ಕೇಳು. ಕಾಲಿಗೆ ಬಿಸಿನೀರು ಇಟ್ಟುಕೋ. ನಿನಗೆ ಒಳ್ಳೆಯದಾಗಲಿ ಎಂದು ಹಾರೈಸಲು ಚಿಕ್ಕವನಾದ ನನಗೆ ಹಕ್ಕಿಲ್ಲ, ಆದರೂ ಹಾರೈಸುತ್ತೇನೆ. ಸಾಧ್ಯವಾದರೆ ನೀನೂ ನನ್ನನ್ನು ಹರಸು.

ನಿನ್ನ ತಮ್ಮ

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ಪುಟದಲ್ಲಿ ನಲವತ್ತೊಂದರ ಸಾಲಿನ ಏಳನೆಯ ದಿನದ ಹತ್ತಿರ, ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಇದೆ. ನಿನ್ನ ಕೈಯದು. ವಿಚಾರಣೆಯವರಿಗೆ ಅದು ಕಾಣಲಿಲ್ಲ, ನೀನೂ ತೋರಿಸಲಿಲ್ಲ. ಆ ಏಳನೆಯ ದಿನದ ಸಂಜೆ ನಾನು ಹೊಸಿಲ ಮೇಲೆ ಕೂತು ಪೆನ್ಸಿಲ್ ಹೆರೆಯುತ್ತಿದ್ದೆ. ನೀನು ಚಪ್ಪಲಿ ಮೆಟ್ಟಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಹೊರಟಿದ್ದೆ. “ಏನೋ, ಆ ನಲವತ್ತೊಂದು ಸರಿಯಾಗಿ ಬರ್ತಿದ್ದಾಳೇನೋ? ಯಾಕೋ ಮುಖ ನೋಡಿದ ಹಾಗೇ ಇಲ್ಲ. ಒಂದ್ಸಲ ಮನೆ ಹತ್ರ ಹೋಗಿ ಬರ್ಲಾ?” ಎಂದೆ. ಸಿಕ್ಕಿಬೀಳುತ್ತೇನೆಂದು ಹೆದರಿ, ತಲೆ ಎತ್ತದೆ ನಾನು ಹೇಳಿದೆ: “ದಿನಾ ಬರ್ತಾಳಲ್ಲಕ್ಕ. ನನ್ನ ಹಿಂದೇನೇ ಕೂರೋದು.”

ನೀನು ಚಪ್ಪಲಿ ಬಿಟ್ಟು ಒಳಗೆ ಬಂದೆ.