ಎಡಗೈಗೆ ಕಟ್ಟಿದ ದಾರ

ಹಾರನಹಳ್ಳಿ
14-9-1954

ಮಾನ್ಯ ಮೇಷ್ಟ್ರಿಗೆ, ಅಂಗಡಿ ಗಂಗಾಧರಪ್ಪನ ನಮಸ್ಕಾರಗಳು.

ನನ್ನ ಮಗಳು ಬಸಮ್ಮಣ್ಣಿ ಎಡಗೈಯಲ್ಲಿ ಬರೆಯುವುದನ್ನು ನೀವು ತಿದ್ದುವುದಿಲ್ಲವೆಂದು ಹೋದ ತಿಂಗಳು ತರಗತಿಯ ಬಾಗಿಲಲ್ಲೇ ನಿಂತು ನಿಮ್ಮನ್ನು ಬೈದು ಬಂದೆ. ಆವತ್ತಿನಿಂದ ಮನೆಯಲ್ಲಿ ದಿನವೂ ಗೋಣಿ ದಾರದಿಂದ ಅವಳ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬಲಗೈಯಲ್ಲಿ ಬರೆಸುತ್ತಿದ್ದೆ. ಪಟಪಟನೆ ಓದುತ್ತಿದ್ದ ಹುಡುಗಿ ಈಗ ತನ್ನ ಹೆಸರು ಹೇಳಲೂ ತೊದಲುತ್ತಾಳೆ, ಕಾರಣವೇನೆಂದು ನೀವು ಚೀಟಿ ಕಳಿಸಿ ಕೇಳಿದಿರಿ. ಜ್ವರ ಬಂದಿತ್ತೆಂದು ಬರೆದೆ. ಜ್ವರ ಬಂದಿರಲಿಲ್ಲ.

ನಿನ್ನೆ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದಾಗ ನನ್ನ ತಾಯಿ, "ಶಿವನ್ನ ಎಡಗೈ ಮೇಲೇ ಕೂರಿಸ್ಕಂಡಿದ್ದೀಯಲ್ಲೋ, ಆ ಮಗೀನ ಎಡಗೈ ಏನ್ ಪಾಪ ಮಾಡ್ತು ಕಣಪ್ಪಾ?" ಎಂದರು. ಬಾಯಿಂದ ಮಂತ್ರ ಮುಂದೆ ಹೊರಡಲಿಲ್ಲ.

ಅವಳಿಗೆ ಯಾವ ಕೈ ಬರುತ್ತದೋ ಆ ಕೈಯಲ್ಲೇ ಬರೆಯಲು ಬಿಡಿ. ತೊದಲಿದಾಗ ಬೇರೆ ಮಕ್ಕಳು ನಗದಂತೆ ನೋಡಿಕೊಳ್ಳಿ. ದಾರವನ್ನು ನಿನ್ನೆಯೇ ಒಲೆಗೆ ಹಾಕಿದೆ.

ಇನ್ನೊಂದು ಕೋರಿಕೆಯಿದೆ. ಇವತ್ತು ಬೆಳಿಗ್ಗೆ ಬಸಮ್ಮಣ್ಣಿ ಸ್ಲೇಟು ತೆಗೆದುಕೊಂಡು, ಅಂಗಡಿಯಿಂದ ತಾನೇ ಹೊಸ ದಾರ ತಂದು ನನ್ನ ಕೈಗಿಟ್ಟಳು. ಬೆನ್ನು ತಿರುಗಿಸಿ ನಿಂತು ಎಡಗೈಯನ್ನು ಹಿಂದಕ್ಕೆ ಕೊಟ್ಟಳು. "ಇನ್ಮೇಲೆ ಕಟ್ಟಲ್ಲ ಕಣವ್ವ" ಎಂದೆ. ಎರಡು ಸಲ ಹೇಳಿದೆ. ಅವಳು ಕೈಯನ್ನು ಮುಂದಕ್ಕೆ ತಂದುಕೊಳ್ಳಲೇ ಇಲ್ಲ.

ನನ್ನ ಮಾತನ್ನು ಅವಳು ನಂಬುತ್ತಿಲ್ಲ. ದಯಮಾಡಿ ನೀವು ಒಂದು ಸಲ ಹೇಳಿ.

ಇಂತಿ,
ಬಸಮ್ಮಣ್ಣಿಯ ತಂದೆ
ಗಂಗಾಧರಪ್ಪ