ರಶೀದಾಳ ಕೊರಳಲ್ಲಿ ಕಾಡಿಗೆ ಡಬ್ಬಿ

ಎಲ್ಲಿದ್ದೀಯೋ ತಿಳಿಯದ ನನ್ನ ಜೈತುನ್‌ಬೀಗೆ, ದಂಡೋತಿಯಿಂದ ಗುರುಲಿಂಗಮ್ಮ ಬರೆಯುವುದು.

ಮೊದಲು ಇಷ್ಟು ಓದಿ ಉಸಿರು ಬಿಡು: ನಿನ್ನ ಮಗಳು ರಶೀದಾ ಬದುಕಿದ್ದಾಳೆ. ನನ್ನ ಮಗ್ಗುಲಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಾಳೆ. ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ. ಹೈದರಾಬಾದಿಗೆ ಹೋಗುವ ನಂಬಿಗಸ್ತರು ಸಿಗುವ ತನಕ ಕುಬಸದೊಳಗೇ ಇಟ್ಟುಕೊಂಡಿರುತ್ತೇನೆ. ನಾಯಿ ಬೊಗಳಿದರೂ ಕೈ ಅಲ್ಲಿಗೇ ಹೋಗುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟೂ ಇದೆ. ಇಂಥ ಕಾಲದಲ್ಲಿ ಕಾಡಿಗೆ ತುಂಬುವ ಡಬ್ಬಿ ಮುಗಿದವೆಂದು ಹೈದರಾಬಾದಿಗೆ ಹೋಗುವವಳು ಯಾರಾದರೂ ಇದ್ದಾರೆಯೇ? "ನಾಕ್ ದಿನದಾಗ ಬರ್ತೀನಿ ಅಕ್ಕಾ, ಪೋರಿನ್ನ ನೋಡ್ಕೋ" ಎಂದು ಹೇಳಿ ವಾಡಿಯಲ್ಲಿ ರೈಲು ಹತ್ತಿದೆ. ಆಮೇಲೆ ನಿಜಾಮನನ್ನು ಇಳಿಸಲು ದಂಡು ಬಂತು, ಅವನ ಆಳಿಕೆ ಮುಗಿಯಿತೆಂದರು, ನಿನ್ನ ಸುದ್ದಿಯೇ ಇಲ್ಲ.

ನೀನು ಮೊದಲಿನಿಂದಲೂ ಹಾಗೆಯೇ, ಹೊರಟರೆ ನಿಲ್ಲುವವಳಲ್ಲ. ಕಾಡಿಗೆ ಮಾರುತ್ತೇನೆ ಎಂದಾಗ ಚಿತ್ತಾಪುರದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದರು. ಮನೆಮನೆಯಲ್ಲಿ ದೀಪ ಇರುವಾಗ ಮಸಿಯನ್ನು ಯಾರು ಕೊಳ್ಳುತ್ತಾರೆ? ನೀನು ನಗಲೂ ಇಲ್ಲ. "ದೀಪ ಎಲ್ಲಾರ ಮನ್ಯಾಗ ಅದ. ಕುಂತು ತಿಕ್ಕಲಿಕ್ಕ ಪುರಸೊತ್ತು ಯಾರಿಗದ?" ಅಂದೆ. ನಮ್ಮ ಹೊಲದ ಔಡಲದ ಎಣ್ಣೆ, ನಮ್ಮ ಎಮ್ಮೆಯ ಬೆಣ್ಣೆ, ನಿನ್ನ ತಾಮ್ರದ ತಟ್ಟೆ. ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಮಸಿ ಕೆರೆದು, ಬೆಣ್ಣೆ ಕರ್ಪೂರ ಹಾಕಿ ತಿಕ್ಕುತ್ತಿದ್ದೆವು. ಮೊದಲು ನಿನ್ನ ಕಣ್ಣಿಗೇ ಹಚ್ಚಿಕೊಂಡು ನೋಡುತ್ತಿದ್ದೆ. ಉರಿದರೆ ತಟ್ಟೆಯಲ್ಲಿದ್ದ ಕಾಡಿಗೆಯಷ್ಟೂ ತಿಪ್ಪೆಗೆ. ಬುರ್ಖಾ ಹಾಕಿಕೊಂಡು ವಾಡಿ ಸ್ಟೇಷನ್ನಿನಲ್ಲಿ ರೈಲಿನ ಹೆಂಗಸರ ಬೋಗಿಗೆ ಹತ್ತಿ ಇಳಿದು ಮಾರಿದವರು ಈ ಸೀಮೆಯಲ್ಲಿ ನಿನಗಿಂತ ಮೊದಲು ಯಾರೂ ಇರಲಿಲ್ಲ. ಆಮೇಲೆ ಸೇಡಂ, ಶಹಾಬಾದ್, ಚಿಂಚೋಳಿ, ಎಲ್ಲಿ ಬಾಣಂತಿಯೋ ಅಲ್ಲಿ ನಿನ್ನ ಡಬ್ಬಿ. ಈಗ ಊರೂರು ಸುತ್ತಿ ನಿಮ್ಮ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುವವರ ಮನೆ ಕೂಸುಗಳ ಕಣ್ಣಲ್ಲೂ ನಿನ್ನದೇ ಕಾಡಿಗೆ ಇರಬೇಕು. ಅದರಿಂದ ಏನು ಬಂತು, ಹೇಳು.

ಬೇಸಿಗೆಯಲ್ಲಿ ನಿಜಾಮನ ಕಡೆಯವರಿಗೆ ಹೆದರಿ ನಾವು ಗಂಡ ಹೆಂಡತಿ ನಿನ್ನ ಕಾಡಿಗೆ ಕೋಣೆಯಲ್ಲಿ ಅಡಗಿದ್ದೆವು. ಬಾಗಿಲಲ್ಲಿ ನಿಂತು ಅವರನ್ನು ಬೈದು ಕಳಿಸಿದವಳು ನೀನು. ಈಗ ಹೆದರಿಕೆ ದಿಕ್ಕು ಬದಲಿಸಿದೆ. ನಿನ್ನಷ್ಟು ಗಟ್ಟಿ ಎದೆ ನನಗೆ ಆ ದೇವರು ಕೊಡಲಿಲ್ಲ.

ರಶೀದಾಳಿಗೆ ಶರಣಮ್ಮ ಎಂದು ಹೆಸರಿಟ್ಟೆ, ಸುಲೇಪೇಟದ ನನ್ನ ತಂಗಿಯ ಮಗಳೆಂದೆ. ಹಣೆಗೆ ವಿಭೂತಿ ಹಚ್ಚಿದೆ. ಆದರೆ ನಮ್ಮ ಮನೆ ಕೂಸಿನ ಕೊರಳಲ್ಲಿ ಲಿಂಗ ಇಲ್ಲದಿದ್ದರೆ ಯಾರು ನಂಬುತ್ತಾರೆ? ಲಿಂಗ ಕಟ್ಟಿಸಬೇಕೆಂದರೆ ಮಠದ ಅಯ್ಯನವರಿಗೆ ನಿಜ ಹೇಳಬೇಕು. ಒಬ್ಬರಿಗೆ ಹೇಳಿದರೆ ಊರಿಗೇ ಹೇಳಿದಂತೆ. ಅದಕ್ಕೇ ನಿನ್ನದೊಂದು ಕಾಡಿಗೆ ಡಬ್ಬಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕಟ್ಟಿದೆ. ಖಾಲಿಯಾದರೆ ಹಗುರವೆಂದು ತುಂಬಿದ್ದನ್ನೇ ಕಟ್ಟಿದ ಜಾಣೆ ನಾನು.

ಮೊನ್ನೆ ಮಧ್ಯಾಹ್ನ ಆ ಸೇಡಿನವರು ಬಂದರು. ಬಿಸಿಲು ಸುಡುತ್ತಿತ್ತು. ಬಡಿಗೆ ಹಿಡಿದವನೊಬ್ಬ, "ಈ ಪೋರಿ ಯಾರದು? ಕೊಳ್ಳಾಗ ಲಿಂಗ ಅದ ಏನು?" ಎಂದ. ರಶೀದಾ ತಾನಾಗಿಯೇ ಅಂಗಿಯೊಳಗಿಂದ ಅರಿವೆ ತೆಗೆದು, ನಾನು ದಿನಾ ಪೂಜೆಗೆ ಕೂರುವ ಹಾಗೆ ಎಡಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ನೋಡಿದೆ, ಬೆಣ್ಣೆ ಕರಗಿ ಬಿಳಿ ಅರಿವೆಯಲ್ಲಿ ಕಪ್ಪು ಹಬ್ಬುತ್ತಿತ್ತು.

"ಇದೇನ್ ಸೋರಾಕತ್ತದ?" ಎಂದು ಅವನು ಕೈ ಚಾಚಿದ. ನನ್ನ ಗಂಡ ಮಡಿವಾಳಯ್ಯ ನಿನಗೆ ಗೊತ್ತಲ್ಲ, ಸುಳ್ಳು ಹೇಳಿದ್ದನ್ನು ನಾನು ಕಂಡೇ ಇಲ್ಲ. ಅವರೇ ಅಡ್ಡ ಬಂದರು. "ಮುಟ್ಟಬ್ಯಾಡ್ರಿ. ಲಿಂಗಕ್ಕ ಹೊಸಾ ಕಂತಿ ಮೆತ್ತೀವಿ, ಇನ್ನಾ ಹಸೀ ಅದ." ಲಿಂಗಕ್ಕೆ ನಾವು ಮೆತ್ತುವ ಕಂತಿಯೂ ಕಪ್ಪೇ ಅಲ್ಲವೇ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದುಂಟೇ? ಅವನು ಕೈ ಹಿಂದೆ ತೆಗೆದುಕೊಂಡ, ಹಣೆಗೂ ಒತ್ತಿಕೊಂಡ. ಅವರು ಓಣಿ ದಾಟಿದ ಮೇಲೆ ನಾನು ಬಾಗಿಲ ಅಗಳಿ ಹಾಕಿದೆ. ಲಿಂಗದ ಹೆಸರಲ್ಲಿ ತಾವು ಸುಳ್ಳಾಡಿದ್ದಕ್ಕೆ ನನ್ನ ಯಜಮಾನರು ಅವತ್ತು ಊಟ ಮಾಡಲಿಲ್ಲ. ಹುಡುಗಿ ಮಾತ್ರ ಅಳಲೂ ಇಲ್ಲ, ಅದೇ ನನಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು.

ನೀನು ಬಂದಾಗ ನಿನ್ನ ಮಗಳನ್ನು ನಿನ್ನ ಮಗಳಾಗಿಯೇ ಒಪ್ಪಿಸಬೇಕು. ಅದಕ್ಕೇ ದಿನಾ ಬಾಗಿಲು ಹಾಕಿ, ಕಿವಿಯ ಹತ್ತಿರ ಬಾಯಿಟ್ಟು, ರಶೀದಾ ಎಂದು ಕರೆಯುತ್ತೇನೆ. ಮೊದಮೊದಲು ನಗುತ್ತಿದ್ದಳು. ನಿನ್ನೆ ಕರೆದಾಗ ತನ್ನ ಪುಟ್ಟ ಕೈಯಿಂದ ನನ್ನ ಬಾಯಿ ಗಟ್ಟಿಯಾಗಿ ಮುಚ್ಚಿದಳು.

"ಬ್ಯಾಡ ದೊಡ್ಡವ್ವ, ಆಕಿನ್ನ ಕರೀಬ್ಯಾಡ. ಆಕಿ ಬಂದ್ರ ನಮ್ಮನ್ನೆಲ್ಲಾ ಕೊಲ್ತಾರ."

ನಿನ್ನ ಅಲ್ಲಾ, ನನ್ನ ಬಸವಣ್ಣ, ಇಬ್ಬರೂ ಸೇರಿ ನಿನ್ನನ್ನು ಕಾಯಲಿ. ಲಗೂ ಬಾ, ಜೈತುನ್. ನೀನೇ ಬಂದು ಅವಳನ್ನು ರಶೀದಾ ಎಂದು ಕರೆ.

ನಿನ್ನ ದಾರಿ ಕಾಯುತ್ತಿರುವ ಅಕ್ಕ,
ಗುರುಲಿಂಗಮ್ಮ